ಟಿಪಿ ಓಡಿಸುವುದು ಹೇಗೆ? ಕನ್ನಡ ಬುಲೆಟಿನ್‌ನ ಟೆಲಿಪ್ರಾಂಪ್ಟರ್ ಕೆಲಸ, ಹಂತ ಹಂತವಾಗಿ

ನಾನು ಟಿಪಿ ಮೇಜಿಗೆ ಬಂದ ಹೊಸತು. ಟಿಪಿ ಅಂದರೆ ಟೆಲಿಪ್ರಾಂಪ್ಟರ್: ಆಂಕರ್ ಓದಬೇಕಾದ ಸಾಲುಗಳನ್ನು ಕ್ಯಾಮೆರಾ ಮುಂದೆಯೇ ತೋರಿಸುವ ಯಂತ್ರ. ಆ ಸಾಲುಗಳನ್ನು ಮೇಲಕ್ಕೆ ಸರಿಸುತ್ತಾ ಹೋಗುವುದು ನನ್ನ ಕೆಲಸ. ಸಂಜೆ ಬುಲೆಟಿನ್ ಲೈವ್ ಹೋಗುತ್ತಿತ್ತು. ಆಂಕರ್ ಓದುತ್ತಿದ್ದರು: "ಕಬಿನಿ ಜಲಾಶಯದಿಂದ ನದಿಗೆ ಬಿಡುತ್ತಿರುವ ನೀರಿನ ಪ್ರಮಾಣವನ್ನು ಸದ್ಯಕ್ಕೆ ಹೆಚ್ಚಿಸುವ..." ಅಷ್ಟಕ್ಕೆ ತೆರೆಯ ಕೊನೆ ಸಾಲು ಮುಗಿದಿತ್ತು. ನನ್ನ ಬೆರಳು ಒಂದು ಕ್ಷಣ ತಡ ಮಾಡಿತು. ಲೈವ್‌ನಲ್ಲಿ ಬಾಯಿ ಮುಚ್ಚಿ ಕೂರಲು ಆಗುತ್ತಾ? ಅವರು "ಹೆಚ್ಚಿಸುವ ಸಾಧ್ಯತೆ ಇದೆ" ಎಂದು ಮುಗಿಸಿಬಿಟ್ಟರು. ಮುಂದಿನ ಸಾಲು ಮೇಲೆ ಬಂದಾಗ ಅಲ್ಲಿದ್ದದ್ದು "ಪ್ರಸ್ತಾಪ ಇಲ್ಲ". ಬೈಗುಳ ನನಗೆ ಬಿತ್ತು. ಬೀಳಬೇಕಾದದ್ದೇ.

ಕನ್ನಡದಲ್ಲಿ ಟಿಪಿ ಓಡಿಸುವ ಕಷ್ಟ ಪೂರ್ತಿ ಈ ಒಂದು ಘಟನೆಯಲ್ಲಿದೆ. ನಮ್ಮ ವಾಕ್ಯದ ಜೀವ ಬಾಲದಲ್ಲಿರುತ್ತದೆ. ಆಯಿತೋ ಇಲ್ಲವೋ, ಮಾಡಿದರೋ ಮಾಡಲಿಲ್ಲವೋ ಎಂಬುದು ಕೊನೆಯ ಪದ ಕಂಡ ಮೇಲೇ ಗೊತ್ತಾಗುವುದು. ಹಾಗಾಗಿ ಆಂಕರ್ ಬಾಯಿ ಒಂದು ಸಾಲಿನಲ್ಲಿದ್ದರೆ ಕಣ್ಣು ಎರಡು ಸಾಲು ಮುಂದೆ ಕ್ರಿಯಾಪದ ಹುಡುಕುತ್ತಿರುತ್ತದೆ. ಅದು ಸಮಯಕ್ಕೆ ಸರಿಯಾಗಿ ಅಲ್ಲಿ ಇರುವಂತೆ ನೋಡಿಕೊಳ್ಳುವುದೇ ನಮ್ಮ ಕೆಲಸ. ಮುಂದೆ ಹೇಳುವ ಯಾವ ಹಂತವನ್ನು ನೋಡಿದರೂ ಇದಕ್ಕೇ ಬಂದು ಸೇರುತ್ತದೆ.

ಹೆಸರಿನ ಬಗ್ಗೆ ಒಂದು ಮಾತು. ಟೆಲಿಪ್ರಾಂಪ್ಟರ್ ಎಂಬುದು ಮೊದಲು ಅಮೆರಿಕದ ಒಂದು ಕಂಪನಿಯ ಹೆಸರಾಗಿತ್ತು. 1950ರ ಸುಮಾರಿಗೆ ಧಾರಾವಾಹಿ ನಟರಿಗೆ ಮಾತು ನೆನಪಿಸಲು ಕಾಗದದ ಸುರುಳಿಯನ್ನು ಮೋಟರ್‌ನಲ್ಲಿ ಸುತ್ತಿಸುವ ಪೆಟ್ಟಿಗೆ ಮಾಡಿದರು. ಅಲ್ಲಿಂದ ಶುರು. ಬ್ರಿಟನ್‌ನಲ್ಲಿ ಇದನ್ನೇ ಆಟೋಕ್ಯೂ ಎನ್ನುತ್ತಾರೆ, ಅದೂ ಕಂಪನಿಯ ಹೆಸರೇ. ನಮ್ಮ ನ್ಯೂಸ್‌ರೂಮ್‌ಗಳಲ್ಲಿ ಇಷ್ಟುದ್ದ ಯಾರೂ ಹೇಳುವುದಿಲ್ಲ. ಯಂತ್ರವೂ ಟಿಪಿ, ಅದನ್ನು ಓಡಿಸುವವರೂ ಟಿಪಿ. "ಟಿಪಿ, ಮುಂದಿನ ಸ್ಟೋರಿ!" ಎಂದು ಹೆಡ್‌ಫೋನ್‌ನಲ್ಲಿ ಕೇಳಿದರೆ ಅದು ನಿಮ್ಮನ್ನೇ ಕರೆದದ್ದು.

ಹಂತ 1: ಯಂತ್ರದ ಪರಿಚಯ

ಕ್ಯಾಮೆರಾ ಲೆನ್ಸ್‌ನ ಮುಂದೆ 45 ಡಿಗ್ರಿ ಓರೆಯಾಗಿ ಒಂದು ಗಾಜು. ಅದರ ಕೆಳಗೆ ಮುಖ ಮೇಲೆ ಮಾಡಿ ಮಲಗಿಸಿದ ಮಾನಿಟರ್. ಮಾನಿಟರ್‌ನ ಅಕ್ಷರ ಗಾಜಿನಲ್ಲಿ ಪ್ರತಿಫಲಿಸಿ ಆಂಕರ್‌ಗೆ ಕಾಣುತ್ತದೆ. ಹಿಂದಿರುವ ಲೆನ್ಸ್‌ಗೆ ಅದೇ ಗಾಜಿನ ಮೂಲಕ ಆಂಕರ್ ಕಾಣುತ್ತಾರೆ, ಅಕ್ಷರ ಕಾಣುವುದಿಲ್ಲ. ಕನ್ನಡಿಯಲ್ಲಿ ಎಡ ಬಲ ಅದಲು ಬದಲಾಗುತ್ತದಲ್ವಾ, ಅದಕ್ಕೇ ಮಾನಿಟರ್‌ನಲ್ಲಿ ಅಕ್ಷರವನ್ನು ಮೊದಲೇ ತಿರುಗಿಸಿ ಹಾಕಿರುತ್ತಾರೆ. ಮೊದಲ ದಿನ ನೇರ ಮಾನಿಟರ್ ನೋಡಿ "ಅಯ್ಯೋ, ಉಲ್ಟಾ ಬಂದಿದೆ" ಎಂದು ಗಾಬರಿಯಾಗಬೇಡಿ.

ಗಾಜು ಸಾದಾ ಗಾಜಲ್ಲ. ಒಂದು ಬದಿಗೆ ತೆಳುವಾದ ಲೇಪನ ಇರುತ್ತದೆ. 70/30 ಎಂದು ಬರೆದಿದ್ದರೆ ನೂರರಲ್ಲಿ 70 ಪಾಲು ಬೆಳಕು ದಾಟಿ ಲೆನ್ಸ್‌ಗೆ ಹೋಗುತ್ತದೆ, 30 ಪಾಲು ಪ್ರತಿಫಲಿಸುತ್ತದೆ ಎಂದರ್ಥ. ಕ್ಯಾಮೆರಾಗೆ ಸುಮಾರು ಅರ್ಧ ಸ್ಟಾಪ್ (ಕ್ಯಾಮೆರಾದವರು ಬೆಳಕು ಅಳೆಯುವ ಲೆಕ್ಕ) ಬೆಳಕು ಕಡಿಮೆಯಾಗುತ್ತದೆ. ಒಂದು ಕ್ಯಾಮೆರಾಗೆ ಗಾಜಿದ್ದು ಪಕ್ಕದ್ದಕ್ಕೆ ಇಲ್ಲದಿದ್ದರೆ ಎರಡೂ ಚಿತ್ರಗಳ ಬೆಳಕು ಬೇರೆ ಬೇರೆ ಕಾಣುತ್ತದೆ. ಲೆನ್ಸ್‌ಗೆ ಎಷ್ಟು ಬೆಳಕು ಬಿಡಬೇಕೆಂದು ನಿರ್ಧರಿಸುವ ಐರಿಸ್ ಸರಿ ಮಾಡುವುದು ಕ್ಯಾಮೆರಾದವರ ಕೆಲಸ, ಆದರೆ ಗಾಜು ಹಾಕಿದ್ದೀರಿ ಅಥವಾ ತೆಗೆದಿದ್ದೀರಿ ಎಂದು ಅವರಿಗೆ ಹೇಳುವುದು ನಿಮ್ಮ ಕೆಲಸ.

ಲೇಪನದ ಬದಿ ಆಂಕರ್ ಕಡೆಗಿರಬೇಕು. ಉಲ್ಟಾ ಆದರೆ ಪ್ರತಿ ಅಕ್ಷರಕ್ಕೂ ಹಿಂದೊಂದು ನೆರಳು ಬೀಳುತ್ತದೆ. ಗಾಜಿಗೆ ಕಾಗದದ ಮೂಲೆಯನ್ನು ಮೆಲ್ಲಗೆ ತಾಗಿಸಿ ನೋಡಿ. ಕಾಗದದ ತುದಿಯೂ ಅದರ ಪ್ರತಿಬಿಂಬದ ತುದಿಯೂ ಒಂದಕ್ಕೊಂದು ಅಂಟಿಕೊಂಡಂತೆ ಕಂಡರೆ ಅದು ಲೇಪನದ ಬದಿ. ನಡುವೆ ಸಂದು ಕಂಡರೆ ಹಿಂಬದಿ. ಒರೆಸಲು ಮೈಕ್ರೋಫೈಬರ್ ಬಟ್ಟೆ ಮಾತ್ರ ಬಳಸಿ. ಅಂಗಿಯ ತುದಿಯಲ್ಲಿ ಒರೆಸುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಹಂತ 2: ಎತ್ತರ, ದೂರ, ಕಪ್ಪು ಬಟ್ಟೆ

ಆಂಕರ್ ಓದುವ ಸಾಲು ಲೆನ್ಸ್‌ನ ನೇರಕ್ಕೆ ಬರಬೇಕು. ಸಾಫ್ಟ್‌ವೇರ್‌ನಲ್ಲಿ ಎಡಗಡೆ ಒಂದು ಬಾಣದ ಗುರುತು ಇರುತ್ತದೆ, ಅದನ್ನು ಲೆನ್ಸ್ ಇರುವ ಎತ್ತರಕ್ಕೆ ತನ್ನಿ. ಕೆಳಗಿಟ್ಟರೆ ಆಂಕರ್ ನೆಲ ನೋಡಿಕೊಂಡು ಮಾತಾಡಿದ ಹಾಗೆ ಕಾಣುತ್ತದೆ.

ಸಾಲಿನ ಅಗಲ ಇನ್ನೂ ಮುಖ್ಯ. ಸಾಲು ಅಗಲವಾದಷ್ಟೂ ಕಣ್ಣುಗುಡ್ಡೆ ಎಡದಿಂದ ಬಲಕ್ಕೆ ಓಡಾಡುವುದು ಮನೆಯಲ್ಲಿ ಕೂತವರಿಗೆ ಗೊತ್ತಾಗುತ್ತದೆ. ಕ್ಯಾಮೆರಾ ಹತ್ತಿರವಿದ್ದಷ್ಟೂ ಇದು ಜಾಸ್ತಿ. ಎರಡೂ ಬದಿಗೆ ಧಾರಾಳ ಜಾಗ ಬಿಡಿ, ಒಂದು ಸಾಲಿಗೆ ಮೂರು ಪದ ಸಾಕು. ಗಾಜಿನ ಹಿಂದಿನ ಕಪ್ಪು ಬಟ್ಟೆಯ ಹುಡ್‌ನಲ್ಲಿ ಸಂದು ಇರಬಾರದು. ಬೆಳಕು ನುಗ್ಗಿದರೆ ಅಕ್ಷರ ಮಂಕಾಗುತ್ತದೆ.

ಟ್ರೈಪಾಡ್ ಮೇಲೆ ಪ್ರಾಂಪ್ಟರ್ ಕೂರಿಸುವಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಪ್ಲೇಟ್ ಹಿಂದಕ್ಕೆ ಸರಿಸಿ ತೂಕ ಸರಿ ಮಾಡುವವರೆಗೆ ಹಿಡಿ ಬಿಡಬೇಡಿ. ಇಷ್ಟು ಗೊತ್ತಿದ್ದರೆ ಯಂತ್ರದ ಮಟ್ಟಿಗೆ ಸಾಕು.

ಹಂತ 3: ಅಕ್ಷರದ ಕಾಟ

ಇಂಗ್ಲಿಷ್ ಚಾನೆಲ್‌ನವರಿಗೆ ಇಲ್ಲದ, ನಮಗೆ ಮಾತ್ರ ಇರುವ ತಲೆನೋವು ಇದು. ವರದಿಗಾರರಲ್ಲಿ ಕೆಲವರು ಇನ್ನೂ "ನುಡಿ", "ಬರಹ" ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿ ಕಳಿಸುತ್ತಾರೆ. ಅದನ್ನು ಹಾಗೇ ಯೂನಿಕೋಡ್ (ಈಗಿನ ಕಂಪ್ಯೂಟರ್, ಫೋನ್‌ಗಳ ಸಾಮಾನ್ಯ ಅಕ್ಷರ ಸಂಕೇತ) ಬಳಸುವ ಪ್ರಾಂಪ್ಟರ್‌ಗೆ ಹಾಕಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಮೊದಲು ಕನ್ವರ್ಟರ್‌ನಲ್ಲಿ ಯೂನಿಕೋಡ್‌ಗೆ ತಿರುಗಿಸಿ, ಆಮೇಲೆ ಒಂದು ಸಲ ಪೂರ್ತಿ ಓದಿ. ಏಕೆಂದರೆ ಕನ್ವರ್ಟರ್‌ಗಳು ಕಣ್ಣಿಗೆ ಕಾಣದ ಜೋಡಣೆ ಚಿಹ್ನೆಗಳನ್ನು ಕೆಲವೊಮ್ಮೆ ನುಂಗಿಬಿಡುತ್ತವೆ.

ರಾಜಕೀಯ ಸುದ್ದಿಯಲ್ಲಿ ದಿನಕ್ಕೆ ಹತ್ತು ಸಲ ಬರುವ ಪದ ನೋಡಿ: "ರ‍್ಯಾಲಿ". ಆ ಚಿಹ್ನೆ ಹೋದರೆ ಅದು "ರ್ಯಾಲಿ" ಆಗಿ, ಅರ್ಕಾವೊತ್ತು ಯಕಾರಕ್ಕೆ ಅಂಟಿಕೊಳ್ಳುತ್ತದೆ. ಆಂಕರ್ ಅಲ್ಲಿ ಮುಗ್ಗರಿಸದಿದ್ದರೆ ಅದು ಅವರ ಅನುಭವ, ನಿಮ್ಮ ಪುಣ್ಯ. "ರ‍್ಯಾಂಕ್" ಪದಕ್ಕೂ ಇದೇ ಗತಿ. ಹಾಗೆಯೇ "ಲಾಕ್‌ಡೌನ್" ಹೋಗಿ "ಲಾಕ್ಡೌನ್" ಆಗುತ್ತದೆ, "ಫೇಸ್‌ಬುಕ್" ಹೋಗಿ "ಫೇಸ್ಬುಕ್" ಆಗುತ್ತದೆ. ಮೇಜಿನ ಮೇಲಿನ ತೆರೆಯಲ್ಲಿ ಇವು ಸಣ್ಣ ವಿಷಯ. ಹತ್ತಡಿ ದೂರದಿಂದ, ಲೈಟಿನ ಬೆಳಕಿನಲ್ಲಿ, ಲೈವ್‌ನಲ್ಲಿ ಓದುವವರಿಗೆ ಅಲ್ಲ.

ಫಾಂಟ್ ದಪ್ಪಗೆ, ಅಲಂಕಾರ ಇಲ್ಲದ್ದಿರಲಿ. ನೋಟೊ ಸ್ಯಾನ್ಸ್ ಕನ್ನಡ, ನಿರ್ಮಲಾ ಯುಐ ಎರಡೂ ಕೆಲಸಕ್ಕೆ ಬರುತ್ತವೆ. ವಿಂಡೋಸ್‌ನ ಹಳೆಯ ತುಂಗಾ ಅದೇ ಸೈಜಿನಲ್ಲೂ ಚಿಕ್ಕದಾಗಿ ಕಾಣುತ್ತದೆ, ನನಗಂತೂ ಹಿಡಿಸಲಿಲ್ಲ. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ. ಸಾಲುಗಳ ನಡುವಿನ ಜಾಗ ಇಂಗ್ಲಿಷ್‌ಗಿಂತ ಜಾಸ್ತಿ ಬೇಕು. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಮುಂದಿನ ಸಾಲಿನ ಗುಡಿಸು ಮೇಲೆ ಏರುತ್ತದೆ. ಎರಡೂ ಡಿಕ್ಕಿ ಹೊಡೆದರೆ ಯಾವುದು ಯಾರದ್ದು ಎಂದು ತಿಳಿಯುವುದಿಲ್ಲ.

ಅಂಕಿಗಳನ್ನು 1, 2, 3 ಎಂದೇ ಹಾಕಿ. ಕನ್ನಡ ಅಂಕಿಯ ಮೇಲೆ ನನಗೂ ಪ್ರೀತಿ ಇದೆ, ಆದರೆ ಸೊನ್ನೆಯೂ ಅನುಸ್ವಾರವೂ ಒಂದೇ ಥರ ಕಾಣುವ ಕಡೆ ಪ್ರೀತಿ ತೋರಿಸುವುದು ಬೇಡ.

ಹಂತ 4: ಸ್ಕ್ರಿಪ್ಟನ್ನು ಓದುವಂತೆ ಮಾಡುವುದು

ಕಾಪಿ, ಅಂದರೆ ಸುದ್ದಿಯ ಪಠ್ಯ, ಬರೆದು ತಿದ್ದುವುದು ಡೆಸ್ಕ್‌ನವರ ಕೆಲಸ. ಅರ್ಥ ಬದಲಿಸುವ ಹಕ್ಕು ನಿಮಗಿಲ್ಲ. ಆದರೆ ಉಸಿರು ಎಲ್ಲಿ ಸಿಗುತ್ತದೆ ಎಂದು ನೋಡುವ ಹಕ್ಕು ಇದೆ. ಬುಲೆಟಿನ್‌ಗೆ ಒಂದು ಗಂಟೆ ಮುಂಚೆ ರನ್‌ಡೌನ್ (ಸ್ಟೋರಿಗಳ ಕ್ರಮಪಟ್ಟಿ) ತೆರೆದು ಪ್ರತಿ ಸ್ಟೋರಿಯನ್ನೂ ಬಾಯಿಬಿಟ್ಟು ಓದಿ. ಮನಸ್ಸಿನಲ್ಲಿ ಓದಿದರೆ ಪ್ರಯೋಜನವಿಲ್ಲ. ನಾಲಿಗೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ನಿಲ್ಲಿ.

ಮೊದಲು ಹುಡುಕಬೇಕಾದದ್ದು ದೂರದಲ್ಲಿರುವ "ಇಲ್ಲ". ಒಂದು ವಾಕ್ಯ ತೆರೆಯ ನಾಲ್ಕು ಸಾಲಿಗಿಂತ ಉದ್ದವಿದ್ದು, ಕೊನೆಗೆ ಇಲ್ಲ, ಅಲ್ಲ, ಬಾರದು, ಕೂಡದು ಇದ್ದರೆ ಅಪಾಯ. ಕಬಿನಿಯ ಆ ವಾಕ್ಯ "ಕಬಿನಿಯಿಂದ ಬಿಡುವ ನೀರಿನಲ್ಲಿ ಬದಲಾವಣೆ ಇಲ್ಲ. ಸದ್ಯಕ್ಕೆ ಹೆಚ್ಚಿಸುವುದಿಲ್ಲ ಎಂದು ಅಧಿಕಾರಿಗಳು ಹೇಳಿದ್ದಾರೆ" ಎಂದಿದ್ದರೆ ನಾನು ಬೈಸಿಕೊಳ್ಳುತ್ತಿರಲಿಲ್ಲ. ಡೆಸ್ಕ್‌ಗೆ ಹೋಗಿ ಕೇಳಿ: "ಸರ್, ಇದನ್ನ ಎರಡು ಮಾಡ್ಲಾ?" ಒಂಬತ್ತು ಸಲ "ಮಾಡಿ" ಎನ್ನುತ್ತಾರೆ. ಹತ್ತನೇ ಸಲ ಬೇಡ ಎಂದರೆ, "ಇಲ್ಲ" ಪದಕ್ಕೆ ಹಳದಿ ಬಣ್ಣ ಕೊಡಿ. ತೆರೆಯ ಕೆಳಗೆ ಬಣ್ಣ ಇಣುಕಿದರೆ ಸಾಕು, ಆಂಕರ್ ಧ್ವನಿ ತಾನೇ ಇಳಿಯುತ್ತದೆ.

ಎರಡನೆಯದು ಸಾಲು ಮುರಿಯುವ ಜಾಗ. "ಅಧಿಕಾರಿಗಳೊಂದಿಗೆ", "ಹೇಳಿಕೊಂಡಿದ್ದಾರೆಂದು" ಇಂಥ ರೈಲುಬೋಗಿ ಪದಗಳು ನಮ್ಮಲ್ಲಿ ಧಾರಾಳ. ಪದವನ್ನು ನಡುವೆ ಮುರಿಯುವ ಆಯ್ಕೆ ಸಾಫ್ಟ್‌ವೇರ್‌ನಲ್ಲಿದ್ದರೆ ಆಫ್ ಮಾಡಿ. "ಹೆಚ್ಚಿಸುವು" ಒಂದು ಸಾಲಿನಲ್ಲಿ, "ದಿಲ್ಲ" ಇನ್ನೊಂದರಲ್ಲಿ ಬಂದರೆ ಏನಾಗುತ್ತದೆ ಊಹಿಸಿಕೊಳ್ಳಿ. "3" ಒಂದು ಸಾಲಿನ ತುದಿ, "ಕೋಟಿ" ಮುಂದಿನ ಸಾಲಿನ ಮೊದಲು ಬಂದರೂ ಕಷ್ಟವೇ. ಅಂಕಿ ಮತ್ತು ಕೋಟಿ, ಲಕ್ಷ, ಸಾವಿರಗಳ ನಡುವೆ, ಹೆಸರು ಮತ್ತು ಇನಿಶಿಯಲ್ ನಡುವೆ ಮುರಿಯದ ಸ್ಪೇಸ್ ಹಾಕುವುದನ್ನು ರೂಢಿ ಮಾಡಿಕೊಳ್ಳಿ.

ದೊಡ್ಡ ಸಂಖ್ಯೆಯನ್ನು ಹಾಗೇ ಬಿಡಬೇಡಿ. 1,25,00,000 ಎಂದು ಕಂಡರೆ ಆಂಕರ್ ಸೊನ್ನೆ ಎಣಿಸಬೇಕು. "1 ಕೋಟಿ 25 ಲಕ್ಷ" ಎಂದು ಬರೆಯಿರಿ. ರೂಪಾಯಿ ಚಿಹ್ನೆ ಅಂಕಿಯ ಮುಂದೆ ಬರುತ್ತದೆ, ಆದರೆ ನಾವು ಓದುವುದು ಹಿಂದೆ. ಅದನ್ನು ತೆಗೆದು ಕೊನೆಗೆ "ರೂಪಾಯಿ" ಎಂದೇ ಹಾಕಿ. ಎಪ್ಪತ್ತೊಂಬತ್ತು, ಎಂಬತ್ತೊಂಬತ್ತು ಯಾರನ್ನಾದರೂ ತಡವರಿಸುತ್ತವೆ. ಇವೆರಡನ್ನು ನಾನು ಅಕ್ಷರದಲ್ಲೇ ಬರೆಯುತ್ತೇನೆ.

ಹೊರಗಿನ ಊರು, ವಿದೇಶಿ ಹೆಸರು ಬಂದರೆ ಉಚ್ಚಾರದಂತೆ ಬಿಡಿಸಿ ಬರೆದು, ಆಂಕರ್‌ಗೆ ಮೊದಲೇ ಒಮ್ಮೆ ತೋರಿಸಿ.

ಇನ್ನು ಓದಬಾರದ ಪದಗಳು. ಬೈಟ್ (ಯಾರದೋ ಮಾತಿನ ತುಣುಕು), ವಿಒ (ದೃಶ್ಯದ ಮೇಲೆ ಓದುವ ಧ್ವನಿ), ಪ್ಯಾಕೇಜ್ (ಮೊದಲೇ ಸಿದ್ಧಪಡಿಸಿದ ವರದಿ), ಫೋನೋ (ಫೋನ್‌ನಲ್ಲಿ ಬರುವ ಮಾತು), ಬ್ರೇಕ್ ಇವೆಲ್ಲ ಆಂಕರ್‌ಗೆ ಸೂಚನೆ. ಬೇರೆ ಬಣ್ಣದ ಪಟ್ಟಿಯಲ್ಲಿ ಹಾಕದಿದ್ದರೆ ದಣಿದ ಆಂಕರ್ ಗಂಭೀರ ಮುಖದಲ್ಲೇ "ಬೈಟ್, ಸಚಿವರು" ಎಂದು ಓದಿಬಿಡುತ್ತಾರೆ. ಬೆಳಗಿನ ಆರು ಗಂಟೆ ಬುಲೆಟಿನ್‌ನಲ್ಲಿ ನಾನು ಇದನ್ನು ಕೇಳಿದ್ದೇನೆ. ಇಬ್ಬರು ಆಂಕರ್ ಇದ್ದರೆ ಒಬ್ಬರಿಗೆ ಬಿಳಿ, ಇನ್ನೊಬ್ಬರಿಗೆ ಹಳದಿ ಅಥವಾ ತಿಳಿ ನೀಲಿ ಕೊಡಿ. ಇಲ್ಲಕ್ಕೆ ಹಳದಿ ಬಳಸುತ್ತಿದ್ದರೆ ಇಲ್ಲಿ ನೀಲಿಯೇ ಸರಿ.

ಹಂತ 5: ಆಂಕರ್ ಜತೆ ಹತ್ತು ನಿಮಿಷ

ಬುಲೆಟಿನ್‌ಗೆ ಮೊದಲು ಸ್ಟುಡಿಯೋ ಒಳಗೆ ಹೋಗಿ ಆಂಕರ್ ಕುರ್ಚಿಯಲ್ಲಿ ಒಮ್ಮೆ ನೀವೇ ಕೂತು ನೋಡಿ. ಮೇಲಿನ ಲೈಟ್ ಗಾಜಿನಲ್ಲಿ ಹೊಳೆಯುತ್ತಿದೆಯಾ? ಕೊನೆ ಸಾಲಿಗೆ ಹುಡ್ ಅಡ್ಡ ಬರುತ್ತಿದೆಯಾ? ಆಮೇಲೆ ಅವರಿಗೆ ಎರಡು ಸ್ಟೋರಿ ಓದಿಸಿ. "ಮೇಡಂ, ಅಕ್ಷರ ಸಾಕಾ, ಇನ್ನೂ ದಪ್ಪ ಮಾಡ್ಲಾ?" ಎಂದು ಕೇಳುವುದಕ್ಕೆ ಸಂಕೋಚ ಬೇಡ. ಕನ್ನಡಕದ ನಂಬರ್ ಬದಲಾಗಿದ್ದರೂ ಅವರಾಗಿ ಹೇಳುವುದಿಲ್ಲ.

ಓದುವ ವೇಗವನ್ನು ಅಳೆದಿಟ್ಟುಕೊಳ್ಳಿ. ಇಂಗ್ಲಿಷ್‌ನಲ್ಲಿ ಸುದ್ದಿ ಓದುವವರು ನಿಮಿಷಕ್ಕೆ ಸುಮಾರು 150ರಿಂದ 180 ಪದ ಓದುತ್ತಾರೆ. ಸಾಫ್ಟ್‌ವೇರ್ ಆ ಲೆಕ್ಕವನ್ನೇ ಇಟ್ಟುಕೊಂಡಿದ್ದರೆ ಸ್ಟೋರಿಯ ಅವಧಿ ತೋರಿಸುವುದು ಕನ್ನಡಕ್ಕೆ ತಪ್ಪಾಗುತ್ತದೆ. ಇಂಗ್ಲಿಷ್‌ನ ಮೂರು ನಾಲ್ಕು ಪದದ ಕೆಲಸವನ್ನು ನಮ್ಮ ಒಂದೇ ಪದ ಮಾಡುತ್ತದೆ, ಹಾಗಾಗಿ ನಿಮಿಷಕ್ಕೆ ಬರುವ ಪದ ಕಡಿಮೆ. ನಿಮ್ಮ ಆಂಕರ್ ಒಂದು ನಿಮಿಷ ಓದಿದ್ದನ್ನು ಎಣಿಸಿ, ಆ ಸಂಖ್ಯೆಯನ್ನು ಸೆಟ್ಟಿಂಗ್‌ನಲ್ಲಿ ಹಾಕಿ. ಒಬ್ಬೊಬ್ಬ ಆಂಕರ್‌ಗೂ ಬೇರೆ ಬೇರೆ. ನಾನು ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಅಂಚಿಗೆ ಅಂಟಿಸುತ್ತಿದ್ದೆ: ಯಾರಿಗೆ ಎಷ್ಟು ಸೈಜು, ಯಾರಿಗೆ ಎಷ್ಟು ವೇಗ, ಯಾರು ಕ್ರೈಂ ಸುದ್ದಿ ಬಂದರೆ ಓಡುತ್ತಾರೆ.

ಕೊನೆಗೆ ಫೈಲ್ ಸರಿಯಾದದ್ದೇ ಎಂದು ದಿನಾಂಕ ನೋಡಿ ಖಚಿತ ಮಾಡಿಕೊಳ್ಳಿ. 1993ರ ಸೆಪ್ಟೆಂಬರ್ 22ರಂದು ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಆರೋಗ್ಯ ಯೋಜನೆಯ ಬಗ್ಗೆ ಅಲ್ಲಿನ ಸಂಸತ್ತಿನಲ್ಲಿ ಮಾತಾಡಲು ನಿಂತರು. ಪ್ರಾಂಪ್ಟರ್‌ನಲ್ಲಿ ಇದ್ದದ್ದು ಫೆಬ್ರವರಿಯ ಹಳೆಯ ಭಾಷಣ! ಸಿಬ್ಬಂದಿ ಸರಿಯಾದದ್ದನ್ನು ಹಾಕುವವರೆಗೆ ಅವರು ಹಲವು ನಿಮಿಷ ಪ್ರಾಂಪ್ಟರ್ ಇಲ್ಲದೆಯೇ ಮಾತಾಡಿದರು. ಎಲ್ಲರೂ ಹಾಗೆ ನಿಭಾಯಿಸಲಾರರು. ಹಿಂದಿನ ದಿನದ ರನ್‌ಡೌನ್ ತೆರೆದುಕೊಂಡು ಕೂರುವುದು ನಮ್ಮಲ್ಲೂ ಬಹಳ ಸುಲಭ.

ಹಂತ 6: ಲೈವ್

ಓಡಿಸುವುದು ಎನ್ನುತ್ತೇವೆ, ಆದರೆ ನಿಜಕ್ಕೂ ನಾವು ಮಾಡುವುದು ಹಿಂಬಾಲಿಸುವುದು. ಅಳತೆ ಹಾಕಿದ ವೇಗದಲ್ಲಿ ಬಿಟ್ಟು ಕೂತರೆ ಆಂಕರ್ ನಿಮ್ಮ ಹಿಂದೆ ಓಡುತ್ತಾರೆ, ಉಸಿರು ಕಟ್ಟುತ್ತದೆ. ಹೊಸ ಆಂಕರ್ ಆದರೆ ಇನ್ನೂ ಕಷ್ಟ: ಅಕ್ಷರ ವೇಗವಾಯಿತು ಎಂದು ಅವರು ವೇಗ ಮಾಡುತ್ತಾರೆ, ಅವರು ವೇಗ ಮಾಡಿದರು ಎಂದು ನೀವು ಇನ್ನೂ ವೇಗ ಮಾಡುತ್ತೀರಿ. ಹೀಗಾದರೆ ನೀವೇ ಮೊದಲು ನಿಧಾನ ಮಾಡಿ.

ಕಂಟ್ರೋಲರ್‌ನ ಚಕ್ರದ ಮೇಲೆ ಹೆಬ್ಬೆರಳು ಯಾವಾಗಲೂ ಇರಲಿ. ಕಿವಿಯಲ್ಲಿ ಆಂಕರ್ ಧ್ವನಿ, ಕಣ್ಣಿನಲ್ಲಿ ಬಾಣದ ಗುರುತು. ಅವರು ಹೇಳುತ್ತಿರುವ ಪದ ಬಾಣದ ಬಳಿ ಇರಬೇಕು, ಅದರ ಕೆಳಗೆ ಮೂರು ಸಾಲಾದರೂ ಕಾಣುತ್ತಿರಬೇಕು. ಉಸಿರು ತೆಗೆದುಕೊಂಡರೆ ನೀವೂ ನಿಲ್ಲಿ. ಪೂರ್ಣವಿರಾಮದ ಹತ್ತಿರ ಬರುವಾಗ ಮಾತ್ರ ಸ್ವಲ್ಪ ಮುಂದಿರಿ, ಕ್ರಿಯಾಪದ ಮೇಲೆ ಬರಲಿ. ಇದೊಂದು ಕಡೆ ಹಿಂಬಾಲಿಸುವ ನಿಯಮ ಸಡಿಲ ಮಾಡಬೇಕು.

ಆಂಕರ್ ಸ್ಕ್ರಿಪ್ಟ್ ಬಿಟ್ಟು ಸ್ವಂತ ಮಾತಾಡತೊಡಗಿದರೆ ಅವರು ಬಿಟ್ಟ ಜಾಗದಲ್ಲೇ ನಿಂತುಬಿಡಿ. ಹುಡುಕುತ್ತಾ ಮೇಲೆ ಕೆಳಗೆ ತಿರುಗಿಸಬೇಡಿ. ಅವರು ಮಾತಾಡುತ್ತಲೇ ಅಕ್ಷರ ನೋಡುತ್ತಿರುತ್ತಾರೆ, ಅದು ಅಲ್ಲಾಡಿದರೆ ಮರಳಿ ಬರಲು ದಾರಿ ತಪ್ಪುತ್ತದೆ. ಮಾತು ಕೇಳಿ ತಾನೇ ಓಡುವ ಸಾಫ್ಟ್‌ವೇರ್‌ಗಳೂ ಬಂದಿವೆ. ಆದರೆ ಆಂಕರ್ ಈಗ ಸ್ಕ್ರಿಪ್ಟ್‌ಗೆ ಮರಳುತ್ತಾರೆ ಎಂಬುದು ನಿಮಗೆ ಅವರ ಮುಖದಲ್ಲೇ ಗೊತ್ತಾಗುತ್ತದೆ, ಗಲ್ಲ ಸ್ವಲ್ಪ ಮೇಲೆತ್ತುತ್ತಾರೆ.

ಇನ್ನು ಪಿಸಿಆರ್‌ನ, ಅಂದರೆ ಬುಲೆಟಿನ್ ನಿಯಂತ್ರಿಸುವ ಕೋಣೆಯ, ಗದ್ದಲ. ಅಲ್ಲಿ ಬುಲೆಟಿನ್ ನಡೆಸುವ ಪ್ಯಾನಲ್ ಪ್ರೊಡ್ಯೂಸರ್ ಟಾಕ್‌ಬ್ಯಾಕ್‌ನಲ್ಲಿ (ಹೆಡ್‌ಫೋನ್ ಮಾತಿನ ಲೈನ್) ಎಲ್ಲರೊಂದಿಗೂ ಮಾತಾಡುತ್ತಿರುತ್ತಾರೆ. ಗ್ರಾಫಿಕ್ಸ್‌ಗೆ, ಸೌಂಡ್‌ಗೆ, ವಿಡಿಯೋ ಪ್ಲೇ ಮಾಡುವವರಿಗೆ. ಅದರಲ್ಲಿ ನಿಮ್ಮ ಮಾತನ್ನು ಹೆಕ್ಕಿ ಕೇಳುವುದು ಅಭ್ಯಾಸದಿಂದ ಬರುತ್ತದೆ. "7 ಡ್ರಾಪ್, ನೇರ 9" ಎಂದರೆ ಮರು ಮಾತಿಲ್ಲದೆ 9ನೇ ಸ್ಟೋರಿಗೆ ಹೋಗಿ, ಹೋದ ಮೇಲೆ "9 ರೆಡಿ" ಎಂದು ಹೇಳಿ. ಬೇರೆ ಯಾರು ಕೂಗಿದರೂ, ಅವರು ಎಷ್ಟೇ ದೊಡ್ಡವರಾಗಿರಲಿ, ಪ್ಯಾನಲ್ ಹೇಳದೆ ಸ್ಟೋರಿ ಬದಲಿಸಬೇಡಿ. ಜಿಗಿಯುವುದಾದರೆ ಪ್ಯಾಕೇಜ್ ಅಥವಾ ಬೈಟ್ ಓಡುವಾಗ ಜಿಗಿಯಿರಿ, ಆಗ ಆಂಕರ್ ಟಿವಿಯಲ್ಲಿ ಕಾಣುತ್ತಿರುವುದಿಲ್ಲ.

ಬ್ರೇಕಿಂಗ್ ಬಂದಾಗ ಪೂರ್ತಿ ವಾಕ್ಯಕ್ಕಾಗಿ ಕಾಯಬೇಡಿ. ಏನಾಯಿತು, ಎಲ್ಲಿ, ಎಷ್ಟು ಜನ: ಮೂರು ಚಿಕ್ಕ ಸಾಲು ಟೈಪ್ ಮಾಡಿ ಕೊಡಿ, ಉಳಿದದ್ದನ್ನು ಆಂಕರ್ ಕಟ್ಟಿಕೊಳ್ಳುತ್ತಾರೆ. ಸತ್ತವರ ಸಂಖ್ಯೆ ಮಾತ್ರ ಡೆಸ್ಕ್ ಎರಡು ಸಲ ಹೇಳುವವರೆಗೆ ಹಾಕಬೇಡಿ. ನ್ಯೂಸ್‌ರೂಮ್ ಸಾಫ್ಟ್‌ವೇರ್‌ಗೆ ಟಿಪಿ ಜೋಡಿಸಿದ್ದರೆ ರನ್‌ಡೌನ್ ಬದಲಾದಂತೆ ನಿಮ್ಮ ತೆರೆಯೂ ಬದಲಾಗುತ್ತದೆ. ಆಂಕರ್ ಓದುತ್ತಿರುವ ಸ್ಟೋರಿಯನ್ನೇ ಡೆಸ್ಕ್‌ನಲ್ಲಿ ಯಾರೋ ತಿದ್ದಿ ಸೇವ್ ಮಾಡಿದರೆ ಏನಾಗುತ್ತದೆ ಎಂದು ಲೈವ್ ಇಲ್ಲದಾಗ ಪರೀಕ್ಷೆ ಮಾಡಿ ತಿಳಿದಿಟ್ಟುಕೊಳ್ಳಿ.

ಹಂತ 7: ಕೈಕೊಟ್ಟಾಗ

ತೆರೆ ಕಪ್ಪಾಗುತ್ತದೆ, ಕೇಬಲ್ ಕಾಲಿಗೆ ಸಿಕ್ಕಿ ಕಳಚುತ್ತದೆ, ಕಂಪ್ಯೂಟರ್ ಅಪ್‌ಡೇಟ್ ಶುರು ಮಾಡುತ್ತದೆ. ತಕ್ಷಣ ಒಂದೇ ಮಾತು ಹೇಳಿ: "ಟಿಪಿ ಡೌನ್". ನೆಪ ಆಮೇಲೆ. ಪ್ಯಾನಲ್ ಅಷ್ಟರಲ್ಲಿ ಪ್ಯಾಕೇಜ್ ಅಥವಾ ಬ್ರೇಕ್‌ಗೆ ಹೋಗಬಹುದು. ಆಂಕರ್ ಕೈಯಲ್ಲಿ ಪ್ರಿಂಟ್ ಅಥವಾ ಟ್ಯಾಬ್ ಇರಲೇಬೇಕು, ಮತ್ತು ಅದು ಈಗಿನ ರನ್‌ಡೌನ್‌ನದೇ ಆಗಿರಬೇಕು. ನೀವೇ ಜಾಗ ಕಳೆದುಕೊಂಡರೆ ಮುಂದಿನ ಸ್ಟೋರಿಯ ತಲೆಗೆ ಹೋಗಿ ನಿಲ್ಲಿ. ಕಳೆದುಹೋದ ವಾಕ್ಯ ಹುಡುಕುವ ಹೊತ್ತಿಗೆ ಅದು ಮುಗಿದಿರುತ್ತದೆ.

ಕಲಿಯುವುದು ಎಲ್ಲಿ?

ಇದಕ್ಕೆಂದೇ ಕಾಲೇಜು ಬೇಕಿಲ್ಲ. ಕನ್ನಡ ಟೈಪಿಂಗ್ ವೇಗವಾಗಿ, ಕೀಬೋರ್ಡ್ ನೋಡದೆ ಬರಬೇಕು. ಯೂಟ್ಯೂಬ್‌ನಲ್ಲಿ ಯಾವುದಾದರೂ ಬುಲೆಟಿನ್‌ನ ಐದು ನಿಮಿಷ ಕೇಳಿ ಟೈಪ್ ಮಾಡಿ, ಉಚಿತ ಪ್ರಾಂಪ್ಟರ್ ಸಾಫ್ಟ್‌ವೇರ್‌ಗೆ ಹಾಕಿ, ಅದೇ ವಿಡಿಯೋ ಹಚ್ಚಿ ಆಂಕರ್ ಧ್ವನಿಯನ್ನು ಮೌಸ್ ಚಕ್ರದಲ್ಲಿ ಹಿಂಬಾಲಿಸಿ. ಹತ್ತು ಬುಲೆಟಿನ್ ಹೀಗೆ ಮಾಡಿದರೆ ಕೈ ಕೂರುತ್ತದೆ. ಆಮೇಲೆ ಪೇಪರ್ ಸುದ್ದಿಯನ್ನು ತೆರೆಗೆ ಹಾಕಿ ಮನೆಯವರಿಂದ ಓದಿಸಿ. ಅವರು ನಡುವೆ ನಗುತ್ತಾರೆ, ಕೆಮ್ಮುತ್ತಾರೆ, ಸಾಲು ಬಿಡುತ್ತಾರೆ. ಅಭ್ಯಾಸಕ್ಕೆ ಬೇಕಾದದ್ದೇ ಅದು.

ಸಣ್ಣ ಚಾನೆಲ್‌ಗಳಲ್ಲಿ ಆಂಕರ್ ಕಾಲಿನ ಪೆಡಲ್‌ನಲ್ಲಿ ತಾವೇ ಓಡಿಸಿಕೊಳ್ಳುವುದುಂಟು, ಅಥವಾ ಟ್ರೈನಿ ಕಾಪಿ ಎಡಿಟರ್‌ಗೆ ಈ ಕುರ್ಚಿ ಸಿಗುತ್ತದೆ. ಸಿಕ್ಕರೆ ಬೇಡ ಎನ್ನಬೇಡಿ. ಬರೆದ ವಾಕ್ಯ ಬಾಯಲ್ಲಿ ಹೇಗೆ ಕೂರುತ್ತದೆ ಎಂದು ನಾನು ಕಲಿತದ್ದು ಅಲ್ಲೇ. ಬುಲೆಟಿನ್ ಆಚೆಗೆ ಕಂಪನಿಗಳ ಶೂಟ್, ವೇದಿಕೆಯ ಭಾಷಣಗಳೂ ಇವೆ. ಭಾಷಣಕಾರರ ಎಡಕ್ಕೂ ಬಲಕ್ಕೂ ಕಂಬದ ಮೇಲೆ ನಿಲ್ಲಿಸುವ ಎರಡು ಗಾಜುಗಳಲ್ಲಿ ಒಂದೇ ಪಠ್ಯ ಓಡುತ್ತದೆ. ಅಲ್ಲಿ ಚಪ್ಪಾಳೆಗೆ ನಿಲ್ಲುವುದನ್ನೂ ಕಲಿಯಬೇಕಾಗುತ್ತದೆ.

ಶಿಫ್ಟ್ ಮುಗಿಯುವಾಗ

ಮಾನಿಟರ್ ಬ್ರೈಟ್‌ನೆಸ್ ಇಳಿಸಿ. ಗಾಜು ಒರೆಸಿ, ಹುಡ್ ಮುಚ್ಚಿ. ಹಳೆಯ ರನ್‌ಡೌನ್ ಕ್ಲೋಸ್ ಮಾಡಿ, ಇಲ್ಲದಿದ್ದರೆ ಮುಂದಿನವರು ಅದನ್ನೇ ತೆರೆದು ಕೂರುತ್ತಾರೆ. ಚೀಟಿಯಲ್ಲಿ ಎರಡು ಸಾಲು ಬರೆದಿಡಿ: ಕ್ಯಾಮೆರಾ 2ರ ಕೇಬಲ್ ಸಡಿಲ ಇದೆ, ರಾತ್ರಿಯ ಆಂಕರ್‌ಗೆ ಗಂಟಲು ಸರಿಯಿಲ್ಲ, ನಿಧಾನ ಹೋಗಿ.